ಮಲೆನಾಡಿನ ಮಳೆಗಾಲಕ್ಕೆ ಹಳೆಯ ಕಾರನ್ನು ನಿಲ್ಲಿಸಿಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಅಂಬಾಸಿಡರ್ 1984ರ ಮಾರ್ಕ್-4. ಪೆಟ್ರೋಲ್ ಗಾಡಿ, 1489 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಅಪ್ಪಯ್ಯ ಇದ್ದಷ್ಟು ದಿನ ಅದು ವರ್ಷವಿಡೀ ಓಡಿತ್ತು. ಅವರು ಹೋದ ಮೇಲೆ ಬಂದ ಮೊದಲ ಮಳೆಗಾಲಕ್ಕೆ ನಾನು ಅದನ್ನು ನೀಲಿ ಟರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿ, ಹಗ್ಗ ಕಟ್ಟಿ, ಕೊಟ್ಟಿಗೆ ಪಕ್ಕದ ಮಾಡಿನಡಿ ನಿಲ್ಲಿಸಿದೆ. ಒಂದು ಹನಿ ನೀರೂ ತಾಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ನವರಾತ್ರಿ ಹತ್ತಿರ ಬಂದಾಗ ಹಗ್ಗ ಬಿಚ್ಚಿದೆ. ಬಾನೆಟ್ ಮೇಲೆ ಬಣ್ಣ ಗುಳ್ಳೆ ಎದ್ದಿತ್ತು. ಸೀಟಿನ ಮೇಲೆ ಬಿಳಿ ಬೂಷ್ಟು. ಕಾಲಡಿಯ ಮ್ಯಾಟ್ ಎತ್ತಿದರೆ ಕೆಳಗಿನ ತಗಡು ಕೆಂಪಗಾಗಿತ್ತು. ಬ್ರೇಕ್ ಹಿಡಿದು ಹಿಂದಿನ ಚಕ್ರ ತಿರುಗಲೇ ಇಲ್ಲ. ಒಂದು ಹನಿ ಮಳೆಯೂ ಅದರ ಮೇಲೆ ಬಿದ್ದಿರಲಿಲ್ಲ!

ಆವತ್ತು ಅರ್ಥವಾಗಿದ್ದು ಇಷ್ಟು. ಮಲೆನಾಡಿನಲ್ಲಿ ಕಾರು ಹಾಳು ಮಾಡುವುದು ಗಾಳಿಯಲ್ಲಿರುವ ತೇವ. ಮೇಲಿಂದ ಸುರಿಯುವ ನೀರನ್ನು ಒಂದು ಮಾಡು ತಡೆಯುತ್ತದೆ. ಗಾಳಿಯ ತೇವವನ್ನು ಯಾವ ಮಾಡೂ ತಡೆಯುವುದಿಲ್ಲ, ಅದನ್ನು ಒಳಗೆ ಬಿಟ್ಟು ಮತ್ತೆ ಹೊರಗೆ ಹೋಗಲು ದಾರಿ ಮಾಡಿಕೊಡಬೇಕು. ಗಾಳಿಯ ತೇವಾಂಶ ಶೇ. 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಬೇಗ ಹತ್ತಲು ಶುರುವಾಗುತ್ತದೆ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ತೇವಾಂಶ ಎಷ್ಟೋ ದಿನ 90ರ ಕೆಳಗೆ ಇಳಿಯುವುದೇ ಇಲ್ಲ. ಹಗ್ಗಕ್ಕೆ ಹಾಕಿದ ಬಟ್ಟೆ ವಾರವಾದರೂ ಒಣಗದ ಊರಲ್ಲಿ ಕಾರು ಮಾತ್ರ ಒಣಗಿರಲು ಸಾಧ್ಯವಾ?

ಅಲ್ಲಿಂದ ಇಲ್ಲಿಯವರೆಗೆ ಪ್ರತಿ ವರ್ಷ ನಾಲ್ಕು ತಿಂಗಳು ಗಾಡಿಯನ್ನು ಹೇಗೆ ಇಡುತ್ತೇನೆ ಅನ್ನುವುದನ್ನು ಕ್ರಮವಾಗಿ ಬರೆದಿದ್ದೇನೆ. ಪ್ರೀಮಿಯರ್ ಪದ್ಮಿನಿ, ಹಳೆಯ ಜೀಪು, ಸ್ಟ್ಯಾಂಡರ್ಡ್ ಹೆರಾಲ್ಡ್, ಯಾವುದಿದ್ದರೂ ಕೆಲಸ ಹೆಚ್ಚುಕಡಿಮೆ ಇದೇ.

ಯಾವಾಗ ಶುರು ಮಾಡಬೇಕು

ಮೇ ತಿಂಗಳ ಮಧ್ಯದಲ್ಲಿ. ಮಲೆನಾಡಿನ ಮನೆಗಳಲ್ಲಿ ಆಗ ಹೇಗೂ ಮಳೆಗಾಲದ ತಯಾರಿ ನಡೆದಿರುತ್ತದೆ. ಕಟ್ಟಿಗೆ ಒಳಗೆ ಸೇರಬೇಕು, ಹೆಂಚು ಕೈಯಾಡಿಸಬೇಕು, ಹಪ್ಪಳ ಒಣಗಬೇಕು. ಆ ಪಟ್ಟಿಯಲ್ಲಿ ಕಾರನ್ನೂ ಸೇರಿಸಿ. ಕಾರಣ ಒಂದೇ: ಗಾಡಿಯನ್ನು ಪೂರ್ತಿ ಒಣಗಿಸಲು ಖಡಕ್ ಬಿಸಿಲು ಬೇಕು, ಅದು ಸಿಗುವುದು ಮೇ ತಿಂಗಳಲ್ಲಿ. ಮೃಗಶಿರಾ ಮಳೆ ಹಿಡಿದ ಮೇಲೆ ತೊಳೆದರೆ ಆ ನೀರು ಒಳಗೇ ಉಳಿಯುತ್ತದೆ.

ಜಾಗ ಆರಿಸುವುದು

ಇದರಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ವ್ಯರ್ಥ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕೊಟ್ಟಿಗೆ ಬೇಡ. ಸಗಣಿ, ಗಂಜಳದಿಂದ ಏಳುವ ಅಮೋನಿಯ ಹಿತ್ತಾಳೆ, ತಾಮ್ರದ ಭಾಗಗಳನ್ನು ತಿನ್ನುತ್ತದೆ. ಕಾರ್ಬ್ಯುರೇಟರ್ ಜೆಟ್, ರೇಡಿಯೇಟರ್, ವೈರಿನ ತುದಿಗಳು ಎಲ್ಲ ಅದೇ ಲೋಹ. ದನಗಳ ಉಸಿರಿನಿಂದಲೇ ಅಲ್ಲಿ ಹಗಲು ರಾತ್ರಿ ತೇವ ಇರುತ್ತದೆ.

ಬಚ್ಚಲು ಮನೆಯ ಗೋಡೆ ಪಕ್ಕ ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಬಚ್ಚಲೊಲೆ ಸದಾ ಉರಿಯುತ್ತದೆ, ಗೋಡೆ ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಮನೆಯ ಅತಿ ಒಣ ಜಾಗ ಅದೇ. ಆದರೆ ಪೆಟ್ರೋಲ್ ಟ್ಯಾಂಕಿನಿಂದ ಆವಿ ಬರುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ಒಲೆಯವರೆಗೂ ಹೋಗಬಹುದು. ಬೆಂಕಿ ಇರುವ ಯಾವ ಜಾಗದ ಹತ್ತಿರವೂ ಪೆಟ್ರೋಲ್ ಗಾಡಿ ಬೇಡವೇ ಬೇಡ.

ಅಡಿಕೆ ತೋಟದವರು ಇನ್ನೊಂದು ನೆನಪಿಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಎಲ್ಲಿಡುತ್ತೀರಿ? ಎಷ್ಟೋ ಮನೆಗಳಲ್ಲಿ ಕಾರು ನಿಲ್ಲುವ ಶೆಡ್ಡಿನ ಮೂಲೆಯಲ್ಲೇ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರ ನೀರು ಕಬ್ಬಿಣಕ್ಕೆ ತಾಗಿದರೆ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತಾ ಹೋಗುತ್ತದೆ. ನಮ್ಮ ಗಾಡಿಯ ಹಿಂದಿನ ಮಡ್‌ಗಾರ್ಡ್ ಅಂಚಿನಲ್ಲಿ ಬಿದ್ದ ತೂತಿಗೆ ಔಷಧಿ ಹೊಡೆಯುವ ಪಂಪನ್ನು ಅದರ ಪಕ್ಕ ತೊಳೆದಿದ್ದೇ ಕಾರಣ. ತೆಂಗಿಗೆ ತಂದಿಟ್ಟ ಉಪ್ಪಿನ ಮೂಟೆ, ಯೂರಿಯಾ, ಪೊಟ್ಯಾಷ್ ಇವೂ ಅಷ್ಟೇ. ಇವೆಲ್ಲ ಗಾಳಿಯ ನೀರನ್ನು ಎಳೆದು ಒಸರುವ ವಸ್ತುಗಳು. ಬೇರೆ ಕೋಣೆಗೆ ಸಾಗಿಸಿ.

ಹಾಗಾದರೆ ಎಂಥ ಜಾಗ? ಮೇಲೆ ಗಟ್ಟಿ ಮಾಡು, ನೆಲ ಅಂಗಳಕ್ಕಿಂತ ಸ್ವಲ್ಪ ಎತ್ತರ, ಮೂರು ಕಡೆ ಗೋಡೆ ಅಥವಾ ತಟ್ಟಿ, ಒಂದು ಕಡೆ ಗಾಳಿಗೆ ದಾರಿ. ನಮ್ಮಲ್ಲಿ ಗಾಳಿಮಳೆ ಬಡಿಯುವುದು ಪಶ್ಚಿಮದಿಂದ. ಆ ಕಡೆಗೆ ಸೋಗೆ ತಟ್ಟಿ ಅಥವಾ ತಗಡು ಕಟ್ಟಿ ಎರಚಲು ತಡೆಯಿರಿ. ಪೂರ್ವದ ಕಡೆ ತೆರೆದಿರಲಿ. ಹೆಂಚನ್ನು ಮೇ ತಿಂಗಳಲ್ಲೇ ಹತ್ತಿ ನೋಡಿಸಿ. ಮಂಗಗಳು ಸರಿಸಿದ ಒಂದೇ ಒಂದು ಹೆಂಚು ಸಾಕು, ನಾಲ್ಕು ತಿಂಗಳು ಒಂದೇ ಜಾಗಕ್ಕೆ ತೊಟ್ಟಿಕ್ಕಿ ಬಣ್ಣ ತಿನ್ನಲು.

ಮಣ್ಣಿನ ನೆಲವಾದರೆ ಕೆಳಗಿನಿಂದಲೂ ತೇವ ಏಳುತ್ತದೆ. ಕಾರಿನ ಉದ್ದಗಲಕ್ಕಿಂತ ಎರಡೆರಡು ಅಡಿ ದೊಡ್ಡದಾದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ಅಂಚಿಗೆ ಮರಳು ಅಥವಾ ಹಲಗೆ ಇಡಿ. ಪ್ಲಾಸ್ಟಿಕ್ಕಿಗೆ ಸರಿಯಾದ ಜಾಗ ಕಾರಿನ ಕೆಳಗೆ, ಮೇಲಲ್ಲ. ಕಾಂಕ್ರೀಟ್ ನೆಲವೂ ಬೆವರುತ್ತದೆ, ಅದಕ್ಕೂ ಹಾಸಿದರೆ ಒಳ್ಳೆಯದು. ಟೈರು ಬರುವ ಕಡೆ ಹಾಳೆಯ ಮೇಲೆ ಮರದ ಹಲಗೆ ಇಡಿ.

ತೊಳೆಯುವುದು, ಒಣಗಿಸುವುದು

ಮೇಲಿನ ಬಣ್ಣ ತೊಳೆಯುವುದು ಎಲ್ಲರಿಗೂ ಗೊತ್ತು. ಮುಖ್ಯ ಕೆಲಸ ಕೆಳಗಿದೆ. ಚಕ್ರದ ಕಮಾನಿನ ಒಳಗೆ, ಬಾಗಿಲ ಕೆಳಗಿನ ಅಂಚಿನಲ್ಲಿ, ಬಂಪರಿನ ಹಿಂದೆ ವರ್ಷದ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಒಣಗಿದ ಮಣ್ಣು ಮಳೆಗಾಲದಲ್ಲಿ ಸ್ಪಂಜಿನಂತೆ ತೇವ ಹೀರಿಕೊಂಡು ತಗಡಿಗೆ ಅಂಟಿಕೊಂಡಿರುತ್ತದೆ. ಪೈಪಿನ ನೀರು ಜೋರಾಗಿ ಬಿಟ್ಟು, ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಕಬ್ಬಿಣದ ಸಾಮಾನು ಬಳಸಿದರೆ ಬಣ್ಣ ಏಳುತ್ತದೆ.

ಬಾಗಿಲ ಕೆಳಗೆ ಮತ್ತು ಫುಟ್‌ಬೋರ್ಡಿನ ಟೊಳ್ಳು ಭಾಗದ ಕೆಳಗೆ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಗಾಜಿನ ಪಟ್ಟಿಯಿಂದ ಇಳಿದ ನೀರು ಹೊರಗೆ ಹೋಗುವ ದಾರಿ ಅದು. ಹಿಡಿಕಡ್ಡಿ ಹಾಕಿ ಒಂದೊಂದನ್ನೂ ಬಿಡಿಸಿ. ಅಂಬಾಸಿಡರ್ ಬಾಗಿಲುಗಳು ಕೆಳಗಿನಿಂದ ಕೊಳೆಯುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಈ ತೂತು ಕಟ್ಟಿಕೊಂಡಿರುವುದು. ಇದು ನನ್ನ ಅನುಭವದ ಮಾತು.

ತೊಳೆದ ಮೇಲೆ ಒಮ್ಮೆ 15-20 ಕಿ.ಮೀ. ಓಡಿಸಿ. ಬ್ರೇಕು, ಸೈಲೆನ್ಸರ್ ಎಲ್ಲ ಬಿಸಿಯಾಗಿ ಒಣಗುತ್ತವೆ. ಆಮೇಲೆ ನಾಲ್ಕೂ ಬಾಗಿಲು, ಬಾನೆಟ್, ಡಿಕ್ಕಿ ತೆರೆದು ಎರಡು ಮೂರು ದಿನ ಅಂಗಳದ ಬಿಸಿಲಿಗೆ ಬಿಡಿ.

ಬಣ್ಣಕ್ಕೆ ವ್ಯಾಕ್ಸ್ ಪಾಲಿಶ್ ಎರಡು ಸಲ. ಬಂಪರ್, ಗ್ರಿಲ್, ಬಾಗಿಲ ಹಿಡಿಕೆಯ ಕ್ರೋಮ್ ಭಾಗಗಳಿಗೆ ತೆಳ್ಳಗೆ ವ್ಯಾಸಲೀನ್ ಸವರಿ. ಬಾಗಿಲು, ಗಾಜಿನ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಅಥವಾ ಟಾಲ್ಕಮ್ ಪೌಡರ್. ಎಣ್ಣೆ, ಗ್ರೀಸ್ ರಬ್ಬರಿಗೆ ಬೇಡ, ಉಬ್ಬುತ್ತದೆ.

ಕಾರಿನ ಅಡಿಗೆ ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮ ಕಡೆ ತುಂಬಾ ಇದೆ. ಅಪ್ಪಯ್ಯನೂ ಮಾಡುತ್ತಿದ್ದರು. ನಾನು ಬಿಟ್ಟಿದ್ದೇನೆ. ಸುಟ್ಟ ಆಯಿಲಿನಲ್ಲಿ ಆಮ್ಲ ಇರುತ್ತದೆ, ರಬ್ಬರ್ ಬುಷ್‌ಗಳನ್ನು ಹಾಳು ಮಾಡುತ್ತದೆ, ತೊಟ್ಟಿಕ್ಕಿ ನೆಲಕ್ಕೆ ಇಳಿಯುತ್ತದೆ. ಇಳಿದದ್ದು ನಮ್ಮದೇ ಬಾವಿಗೆ ಹೋಗುತ್ತದೆ ಅಲ್ವಾ? ಟೊಳ್ಳು ಭಾಗಗಳ ಒಳಗೆ ಸಿಂಪಡಿಸುವ ಮೇಣದಂಥ ತುಕ್ಕುನಿರೋಧಕ ಸಿಗುತ್ತದೆ, ಅದನ್ನೇ ಬಳಸಿ. ದಪ್ಪಗೆ ಟಾರಿನಂತೆ ಬಳಿಯುವ ಕೋಟಿಂಗನ್ನು ತುಕ್ಕಿನ ಮೇಲೇ ಹಚ್ಚಿಸಬೇಡಿ. ಮೇಲೆ ಚೆಂದ ಕಾಣುತ್ತದೆ, ಒಳಗೆ ತೇವ ಸಿಕ್ಕಿಕೊಂಡು ತಗಡು ಕೊಳೆಯುತ್ತದೆ. ಮೊದಲು ತುಕ್ಕು ಉಜ್ಜಿ ತೆಗೆದು, ಪ್ರೈಮರ್ ಹಚ್ಚಿ, ಆಮೇಲೆ ಉಳಿದದ್ದು.

ಪೆಟ್ರೋಲ್

ಇದು ಈಚಿನ ವರ್ಷಗಳಲ್ಲಿ ಕಷ್ಟವಾಗಿರುವ ವಿಷಯ. ಶೇ. 20 ಎಥನಾಲ್ ಬೆರೆಸಿದ ಇ-20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿಗೆ ನೀರು ಸೇರಿ ಒಂದು ಮಿತಿ ದಾಟಿದರೆ ಎಥನಾಲೂ ನೀರೂ ಕೂಡಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದೂ ತಳದಿಂದಲೇ. ಗಾಡಿ ಸ್ಟಾರ್ಟ್ ಆಗುವುದಿಲ್ಲ, ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ. 1980ರ ದಶಕದ ರಬ್ಬರ್ ಪೈಪುಗಳನ್ನೂ ಎಥನಾಲ್ ಮೆತ್ತಗೆ ಮಾಡುತ್ತದೆ. ಇನ್ನೂ ಹಳೆಯ ಪೈಪಿದ್ದರೆ ಈ ಮಳೆಗಾಲಕ್ಕೆ ಮೊದಲೇ ಎಥನಾಲ್ ತಡೆಯುವ ಪೈಪು ಹಾಕಿಸಿ. ನೂರಿನ್ನೂರು ರೂಪಾಯಿಯ ಸಾಮಾನು ಬೆಂಕಿಯ ಅಪಾಯ ತಪ್ಪಿಸುತ್ತದೆ.

ಟ್ಯಾಂಕ್ ಖಾಲಿ ಮಾಡಬೇಕಾ, ತುಂಬಿಸಬೇಕಾ ಅನ್ನುವ ಬಗ್ಗೆ ಎರಡು ಮಾತಿದೆ. ಖಾಲಿ ಟ್ಯಾಂಕಿನ ಒಳಗೋಡೆ ತೇವದ ಗಾಳಿಗೆ ತೆರೆದುಕೊಂಡು ತುಕ್ಕು ಹಿಡಿಯುತ್ತದೆ. ನಾಲ್ಕು ತಿಂಗಳಿಗಾದರೆ ತುಂಬಿಸುವುದೇ ಸರಿ ಅನ್ನುವುದು ನನ್ನ ಪಕ್ಷ. ಕುತ್ತಿಗೆಯ ಸ್ವಲ್ಪ ಕೆಳಗಿನವರೆಗೆ ತುಂಬಿಸಿ, ಎಥನಾಲ್ ಪೆಟ್ರೋಲಿಗೆ ಅಂತಲೇ ಬರುವ ಫ್ಯೂಯಲ್ ಸ್ಟೆಬಿಲೈಸರ್ ಅನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಹಾಕಿ. ಹಾಕಿದ ಮೇಲೆ 15 ನಿಮಿಷ ಓಡಿಸಿ, ಪೈಪಿನ ಉದ್ದಕ್ಕೂ ಅದು ತಲುಪಲಿ. ಮುಚ್ಚಳದ ರಬ್ಬರ್ ವಾಷರ್ ಬಿರಿದಿದ್ದರೆ ಬದಲಿಸಿ. ವರ್ಷಗಟ್ಟಲೆ ನಿಲ್ಲಿಸುವುದಾದರೆ ಮಾತು ಬೇರೆ, ಆಗ ಪೂರ್ತಿ ಖಾಲಿ ಮಾಡಿ ಒಣಗಿಸಬೇಕು.

ಕಾರ್ಬ್ಯುರೇಟರ್ ಮಾತ್ರ ಖಾಲಿ ಇರಲಿ. ಮುಂದೆ ಹೇಳುವ ಆಯಿಲ್ ಬದಲಿಸಿ ಓಡಿಸುವ ಕೆಲಸ ಮುಗಿದು ಎಂಜಿನ್ ತಣ್ಣಗಾದ ಮೇಲೆ ಪಂಪಿನಿಂದ ಬರುವ ಪೈಪನ್ನು ಬಿಚ್ಚಿ, ಬಾಯಿ ಮುಚ್ಚಿ, ಕಾರ್ಬ್ಯುರೇಟರಿನ ಬೌಲಿನಲ್ಲಿ, ಅಂದರೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ, ಉಳಿದ ಪೆಟ್ರೋಲನ್ನು ಇಳಿಸಿ. ಬೌಲಿನಲ್ಲಿ ಆವಿಯಾಗಿ ಉಳಿದ ಅಂಟೇ ಮುಂದೆ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಕಟ್ಟಿಸುವುದು. ಈ ಕೆಲಸ ತೆರೆದ ಜಾಗದಲ್ಲಿ, ಬ್ಯಾಟರಿ ಬಿಚ್ಚಿದ ಮೇಲೆ ಮಾಡಿ. ಹತ್ತಿರ ಯಾರೂ ಬೀಡಿ ಸೇದಬಾರದು.

ಎಂಜಿನ್

ಹಳೆ ಆಯಿಲಿನಲ್ಲಿ ಉರಿದ ಪೆಟ್ರೋಲಿನ ಆಮ್ಲ, ನೀರು ಎರಡೂ ಇರುತ್ತವೆ. ಅದು ನಾಲ್ಕು ತಿಂಗಳು ಬೇರಿಂಗ್ ಮೇಲೆ ಕೂರಬಾರದು. ಹಾಗಾಗಿ ಆಯಿಲ್, ಫಿಲ್ಟರ್ ಬದಲಿಸುವುದು ನಿಲ್ಲಿಸುವ ಮೊದಲು, ಮತ್ತೆ ತೆಗೆದ ಮೇಲಲ್ಲ. ಎಂಜಿನ್ ಬಿಸಿ ಇರುವಾಗಲೇ ಇಳಿಸಿ. ನಾನು 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕುತ್ತೇನೆ. ಹಾಕಿ ಐದು ಹತ್ತು ನಿಮಿಷ ಓಡಿಸಿದರೆ ಹೊಸ ಆಯಿಲ್ ಎಲ್ಲ ಕಡೆ ಹರಡುತ್ತದೆ.

ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ, ಅಂದರೆ ಸುಮಾರು 5 ಮಿ.ಲೀ., ಹೊಸ ಎಂಜಿನ್ ಆಯಿಲ್ ಬಿಡಿ. ಇಗ್ನಿಷನ್ ಆಫ್ ಇಟ್ಟು, ಗಾಡಿಯ ಮುಂದಿನಿಂದ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿ ಕೈಯಲ್ಲೇ ಎಂಟು ಹತ್ತು ಸುತ್ತು ತಿರುಗಿಸಿ. ಗೋಡೆಗೆಲ್ಲ ಆಯಿಲ್ ಪದರ ಹಿಡಿಯುತ್ತದೆ. ಪಿಸ್ಟನ್ ರಿಂಗ್ ಸಿಲಿಂಡರಿಗೆ ಹಿಡಿದು ಎಂಜಿನ್ ಜಾಮ್ ಆಗುವುದು ತಪ್ಪುವುದು ಇದರಿಂದಲೇ. ಪ್ಲಗ್ ಮತ್ತೆ ಕೈಯಲ್ಲಿ ತಿರುಗಿಸಿ ಹಾಕಿ.

ರೇಡಿಯೇಟರಿಗೆ ಬರೀ ಬಾವಿ ನೀರು ಹಾಕುವ ಅಭ್ಯಾಸವಿದ್ದರೆ ಈಗ ಬಿಡಿ. ಎಂಜಿನ್ ಬ್ಲಾಕ್ ಎರಕದ ಕಬ್ಬಿಣ, ರೇಡಿಯೇಟರ್ ತಾಮ್ರ-ಹಿತ್ತಾಳೆ. ಎರಡು ಲೋಹದ ಮಧ್ಯೆ ಬರೀ ನೀರು ನಿಂತರೆ ಕಬ್ಬಿಣ ಸವೆಯುತ್ತದೆ. ಕೆಳಗಿನ ನಲ್ಲಿ ತೆರೆದು ಇಳಿಸಿ, ತೊಳೆದು, ಕೂಲೆಂಟ್ ತುಂಬಿಸಿ. ಹಿಮದ ಭಯ ನಮಗಿಲ್ಲ, ತುಕ್ಕು ತಡೆಯಲು ಅದು ಬೇಕು.

ಸೈಲೆನ್ಸರ್ ಬಾಯಿ, ಏರ್ ಫಿಲ್ಟರ್ ಬಾಯಿ ಎರಡಕ್ಕೂ ಎಣ್ಣೆ ಸವರಿದ ಬಟ್ಟೆ ತುರುಕಿ, ಮೇಲೆ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿ. ಬಟ್ಟೆಗೆ ಕೆಂಪು ದಾರ ಕಟ್ಟಿ ಹೊರಗೆ ಕಾಣುವಂತೆ ಬಿಡಿ. ಏನೇನು ಬಿಚ್ಚಿದ್ದೀರಿ, ಎಲ್ಲಿ ಬಟ್ಟೆ ತುರುಕಿದ್ದೀರಿ ಅಂತ ಒಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿ. ನಾಲ್ಕು ತಿಂಗಳಾದ ಮೇಲೆ ಎಲ್ಲ ನೆನಪಿರುವುದಿಲ್ಲ.

ಬ್ರೇಕ್, ಕ್ಲಚ್

ಬ್ರೇಕ್ ಆಯಿಲೂ ಗಾಳಿಯ ನೀರನ್ನು ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು ಹೀರಿದ ಮೇಲಿನ ಲೆಕ್ಕ 140 ಡಿಗ್ರಿ. ಆಗುಂಬೆ ಘಾಟಿ ಇಳಿಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆ ನೀರು ವೀಲ್ ಸಿಲಿಂಡರ್ ಒಳಗೆ ತುಕ್ಕು ಎಬ್ಬಿಸಿ ಪಿಸ್ಟನ್ ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮೇ ತಿಂಗಳಲ್ಲೇ ಮಾಡಿಸಿದರೆ ಹೊಸ ಆಯಿಲಿನಲ್ಲಿ ಗಾಡಿ ಮಳೆಗಾಲ ಕಳೆಯುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಡಿ. ಬ್ರೇಕ್ ಶೂ ಡ್ರಮ್ಮಿಗೆ ಒತ್ತಿಕೊಂಡೇ ಇದ್ದರೆ ತುಕ್ಕು ಎರಡನ್ನೂ ಅಂಟಿಸಿಬಿಡುತ್ತದೆ. ನನ್ನ ಗಾಡಿಯ ಹಿಂದಿನ ಚಕ್ರ ಹಿಡಿದದ್ದು ಹೀಗೆಯೇ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರದ ಹಿಂದೆ ಮುಂದೆ ಮರದ ಅಡೆ ಕೊಡಿ.

ಕ್ಲಚ್ ಪ್ಲೇಟ್ ಕೂಡ ಫ್ಲೈವೀಲಿಗೆ ಹಿಡಿಯುತ್ತದೆ. ಪೆಡಲ್ ಒತ್ತಿ ಮರದ ಪಟ್ಟಿ ಸಿಕ್ಕಿಸಿ ಇಡಿ ಅಂತ ಕೆಲವರು ಹೇಳುತ್ತಾರೆ. ನಾಲ್ಕು ತಿಂಗಳು ಸ್ಪ್ರಿಂಗನ್ನೂ ಸೀಲನ್ನೂ ಒತ್ತಿ ಹಿಡಿಯಲು ನನಗೆ ಮನಸ್ಸಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗಿ ಇಪ್ಪತ್ತು ಸಲ ಪೆಡಲ್ ಒತ್ತುತ್ತೇನೆ. ಇಲ್ಲಿಯವರೆಗೆ ಹಿಡಿದಿಲ್ಲ.

ಟೈರು

ಮಾಮೂಲಿಗಿಂತ 5-6 ಪಿಎಸ್‌ಐ ಜಾಸ್ತಿ ಗಾಳಿ ಹಾಕಿ, ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿ ದಾಟಬೇಡಿ. ತಿಂಗಳಿಗೊಮ್ಮೆ ಗಾಡಿಯನ್ನು ಅರ್ಧ ಅಡಿ ಮುಂದೆ ಹಿಂದೆ ತಳ್ಳಿದರೆ ಸಾಕು. ಗಾಡಿಯನ್ನು ಎತ್ತಿ ಇಡುವುದಾದರೆ ಆಕ್ಸಲ್ ಸ್ಟ್ಯಾಂಡ್ ಮೇಲೆ, ಆಕ್ಸಲ್ ಕೆಳಗೆ ಕೊಟ್ಟು ಎತ್ತಿ. ಜಂಬಿಟ್ಟಿಗೆ ಕಲ್ಲು ಪೇರಿಸಿ ಅದರ ಮೇಲೆ ಕೂರಿಸುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಮೆದು ಕಲ್ಲು, ನೀರು ಕುಡಿದರೆ ಇನ್ನೂ ಮೆದುವಾಗುತ್ತದೆ, ಟನ್ನಿಗೂ ಮೀರಿದ ಭಾರಕ್ಕೆ ಯಾವಾಗ ಬೇಕಾದರೂ ಸೀಳಬಹುದು. ಕೆಳಗೆ ಮಕ್ಕಳು, ಬೆಕ್ಕು, ನಾಯಿ ಎಲ್ಲ ನುಸುಳುತ್ತವೆ.

ಬ್ಯಾಟರಿ ಮನೆಯೊಳಗೆ

ಪಟ್ಟಣದವರು ಚಾರ್ಜರ್ ಸಿಕ್ಕಿಸಿ ಬಿಟ್ಟು ಮರೆಯಬಹುದು. ನಮ್ಮಲ್ಲಿ ಒಂದು ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ. ಬಂದಾಗ ವೋಲ್ಟೇಜ್ ಎಲ್ಲೆಲ್ಲೋ ಹಾರುತ್ತದೆ. ಹಾಗಾಗಿ ಬ್ಯಾಟರಿ ಬಿಚ್ಚಿ, ಒಲೆಯಿಂದ ದೂರ, ಗಾಳಿಯಾಡುವ ಒಣ ಕೋಣೆಯಲ್ಲಿ ಹಲಗೆಯ ಮೇಲಿಡುವುದೇ ವಾಸಿ. ಗಾಡಿಯ ತಗಡಿಗೆ ಜೋಡಿಸಿದ ಅರ್ತ್ ತಂತಿಯನ್ನು ಮೊದಲು ಬಿಚ್ಚಿ. ಹೆಚ್ಚಿನ ಗಾಡಿಗಳಲ್ಲಿ ಅದು ಮೈನಸ್. ಬ್ರಿಟಿಷ್ ಮೂಲದ ಕೆಲವು ಹಳೆ ಗಾಡಿಗಳಲ್ಲಿ ಪ್ಲಸ್ ತಂತಿ ತಗಡಿಗೆ ಹೋಗಿರುತ್ತದೆ, ನೋಡಿಕೊಳ್ಳಿ.

ಪೂರ್ತಿ ಚಾರ್ಜ್ ಆದ ಬ್ಯಾಟರಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 12.6-12.7 ವೋಲ್ಟ್ ತೋರಿಸುತ್ತದೆ. 12.4ಕ್ಕೆ ಇಳಿಯುವ ಮೊದಲೇ ಮತ್ತೆ ಚಾರ್ಜ್ ಮಾಡಿ. ಇಳಿದಂತೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ, 60 ಆಂಪಿಯರ್-ಅವರ್ ಬ್ಯಾಟರಿಗೆ 4ರಿಂದ 6 ಆಂಪಿಯರಿನಲ್ಲಿ ನಿಧಾನವಾಗಿ. ನೀರಿನ ಮಟ್ಟ ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ.

ಒಳಭಾಗ, ಇಲಿ, ಹಾವು

ಮ್ಯಾಟ್, ಕಾರ್ಪೆಟ್ ಎಲ್ಲ ತೆಗೆದು ಮನೆಯೊಳಗೆ ತನ್ನಿ. ಅಂಬಾಸಿಡರಿನ ಹಿಂದಿನ ಸೀಟು ಸುಲಭವಾಗಿ ಕೈಗೆ ಬರುತ್ತದೆ. ನಾವು ಅದನ್ನು ಅಟ್ಟಕ್ಕೆ ಹಾಕುತ್ತೇವೆ, ಅಡುಗೆ ಮನೆಯ ಬಿಸಿ ಮೇಲೇರಿ ಅಲ್ಲಿ ಒಣಗಿರುತ್ತದೆ. ಉಳಿದ ರೆಕ್ಸಿನ್ ಸೀಟನ್ನು ಅರ್ಧ ವಿನಿಗರ್ ಅರ್ಧ ನೀರಲ್ಲಿ ಒರೆಸಿ ಒಣಗಿಸಿದರೆ ಬೂಷ್ಟು ಕಡಿಮೆ. ಚರ್ಮದ ಸೀಟಿಗೆ ತೆಂಗಿನೆಣ್ಣೆ ಹಚ್ಚಬೇಡಿ, ಅದರ ಮೇಲೆ ಬೂಷ್ಟು ಇನ್ನೂ ಚೆನ್ನಾಗಿ ಬೆಳೆಯುತ್ತದೆ.

ಗಾಜುಗಳನ್ನು ಒಂದು ಬೆರಳಷ್ಟು ಇಳಿಸಿ, ಸಂದಿಗೆ ತಂತಿ ಬಲೆ ಸಿಕ್ಕಿಸಿ. ಸಿಲಿಕಾ ಜೆಲ್ ಇಡುವುದಾದರೆ ಗಾಜು ಪೂರ್ತಿ ಮುಚ್ಚಿ ಇಡಬೇಕು, ಇಲ್ಲದಿದ್ದರೆ ಅದು ಇಡೀ ಮಲೆನಾಡಿನ ತೇವ ಹೀರಲು ಹೊರಡುತ್ತದೆ. ಹತ್ತು ದಿನಕ್ಕೊಮ್ಮೆ ಅದನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸುವ ಪುರುಸೊತ್ತು ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಅಂಗಡಿಯಲ್ಲಿ ಸಿಗುವ, ನೀರು ತುಂಬಿಕೊಳ್ಳುವ ಡಬ್ಬಿಗಳನ್ನು ನಾನು ಕಾರಿನಲ್ಲಿ ಇಡುವುದಿಲ್ಲ. ಹೆಚ್ಚಿನವುಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ. ಮಗುಚಿದರೆ ಆ ಉಪ್ಪುನೀರು ತಗಡನ್ನು ತಿನ್ನುತ್ತದೆ.

ಇಲಿಗೆ ಬಾನೆಟ್ ಒಳಗಿನ ಬೆಚ್ಚನೆ ಮೂಲೆ ಬಲು ಇಷ್ಟ. ಗಾಡಿಯ ಪಕ್ಕ ಹುಲ್ಲು, ಭತ್ತದ ಮೂಟೆ, ತೆಂಗಿನಕಾಯಿ ರಾಶಿ ಇರಬಾರದು. ಹೊಗೆಸೊಪ್ಪು, ನುಸಿಗುಳಿಗೆ ಇಡುವವರಿದ್ದಾರೆ. ವಾಸನೆ ಇರುವಷ್ಟು ದಿನ ಅಲ್ಪಸ್ವಲ್ಪ ಕೆಲಸ ಮಾಡುತ್ತವೆ. ನನಗೆ ನಂಬಿಕೆ ಇರುವುದು ಬೋನಿನ ಮೇಲೆ. ವಿಷ ಬೇಡ. ತಿಂದ ಇಲಿ ಹೋಗಿ ಸಾಯುವುದು ಡ್ಯಾಶ್‌ಬೋರ್ಡಿನ ಹಿಂದೆ, ಕೈಗೆ ಸಿಗದ ಜಾಗದಲ್ಲಿ.

ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಮಳೆಗಾಲದಲ್ಲಿ ಬಾನೆಟ್ ಎತ್ತುವ ಮೊದಲು ಕೋಲಿನಿಂದ ನಾಲ್ಕು ಸಲ ತಟ್ಟಿ, ಟಾರ್ಚ್ ಬಿಟ್ಟು ನೋಡಿ. ಸೀಟಿನ ಕೆಳಗೆ, ಚಕ್ರದ ಮೇಲೆ ನೋಡದೆ ಕೈ ಹಾಕಬೇಡಿ.

ಹೊದಿಕೆ

ಮಾಡು ಗಟ್ಟಿಯಿದ್ದರೆ ಹೊದಿಕೆ ಬೇಕಿರುವುದು ಧೂಳಿಗೆ, ಬಾವಲಿ ಹಿಕ್ಕೆಗೆ ಅಷ್ಟೇ. ಹಳೆಯ ಹತ್ತಿ ಸೀರೆ ನಾಲ್ಕು ಜೋಡಿಸಿ ಹೊಲಿದರೂ ಸಾಕು. ಕೊಳ್ಳುವುದಾದರೆ ಗಾಳಿಯಾಡುವ ಬಟ್ಟೆಯದ್ದು ಕೊಳ್ಳಿ. ಟರ್ಪಾಲಿನ ಕೆಳಗೆ ಏನಾಗುತ್ತದೆ ಅಂದರೆ, ಹಗಲು ಬೆಚ್ಚಗಾದ ತೇವದ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ರಾತ್ರಿ ತಗಡು ತಣ್ಣಗಾದಾಗ ಅದೇ ಗಾಳಿ ಹನಿಯಾಗಿ ಬಣ್ಣದ ಮೇಲೆ ಕೂರುತ್ತದೆ. ಹೊರಗೆ ಹೋಗಲು ದಾರಿಯಿಲ್ಲ. ನಾಲ್ಕು ತಿಂಗಳು ದಿನಾ ರಾತ್ರಿ ಇದೇ ನಡೆದರೆ ಬಣ್ಣ ಗುಳ್ಳೆ ಏಳದೆ ಇನ್ನೇನಾಗುತ್ತದೆ? ಟರ್ಪಾಲ್ ಬೇಕೇ ಬೇಕು ಅಂದರೆ ಕಾರಿನಿಂದ ಎರಡು ಅಡಿ ಮೇಲೆ ಚಪ್ಪರದಂತೆ ಕಟ್ಟಿ.

ಮಳೆಗಾಲದ ನಡುವೆ

ವಾರಕ್ಕೊಮ್ಮೆ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಅದರಿಂದ ಕೆಡುಕೇ ಜಾಸ್ತಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಆವಿಯಾಗಿ ಹೋಗುತ್ತದೆ. ಐದು ನಿಮಿಷದಲ್ಲಿ ನಿಲ್ಲಿಸಿದರೆ ಸೈಲೆನ್ಸರ್ ಒಳಗೆ, ಆಯಿಲ್ ಒಳಗೆ ಉಳಿಯುತ್ತದೆ. ನಿಲ್ಲಿಸಿದ ಗಾಡಿ ನಿಂತೇ ಇರಲಿ.

ಅದರ ಬದಲು ಮಳೆ ಹೊಳವಾದ ದಿನ ನೋಡಿಕೊಂಡು ಹೋಗಿ. ಹೊದಿಕೆ ತೆಗೆದು ಒಣಗಿಸಿ. ಬಾಗಿಲು, ಬಾನೆಟ್ ತೆರೆದು ಎರಡು ತಾಸು ಗಾಳಿಗೆ ಬಿಡಿ. ಕ್ಲಚ್, ಬ್ರೇಕ್ ಪೆಡಲ್ ಇಪ್ಪತ್ತಿಪ್ಪತ್ತು ಸಲ ಒತ್ತಿ, ಸ್ಟೀರಿಂಗ್ ತಿರುಗಿಸಿ. ಹ್ಯಾಂಡಲ್ ಇದ್ದರೆ ಎಂಜಿನನ್ನು ಕೈಯಲ್ಲಿ ಎರಡು ಮೂರು ಸುತ್ತು ತಿರುಗಿಸಿ.

ಕಾಗದಪತ್ರದ ತಾರೀಖುಗಳನ್ನೂ ಒಮ್ಮೆ ನೋಡಿ. ಗಾಡಿ ನಿಂತಿದೆ ಅಂತ ವಿಮೆ ಬಿಡಬೇಡಿ. ಮರ ಬೀಳುವುದು, ನೀರು ನುಗ್ಗುವುದು ಇದೇ ಕಾಲದಲ್ಲಿ. ಅವಧಿ ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಕೂಡಿದ ನೋ ಕ್ಲೇಮ್ ಬೋನಸ್ ಕೂಡ ಹೋಗುತ್ತದೆ.

ಆಯುಧ ಪೂಜೆಗೆ ಹೊರಗೆ ತೆಗೆಯುವುದು

ಹಸ್ತ ಮಳೆಯ ಹೊತ್ತಿಗೆ ಬಿಸಿಲು ಕಾಣಿಸಿಕೊಳ್ಳುತ್ತದೆ. ಪೂಜೆಯ ದಿನ ಬೆಳಿಗ್ಗೆ ಅವಸರ ಮಾಡುವ ಬದಲು ಒಂದು ವಾರ ಮೊದಲೇ ಶುರು ಮಾಡಿ.

ಚೀಟಿ ಓದಿ. ಬಟ್ಟೆ, ಬಲೆ ಎಲ್ಲ ತೆಗೆಯಿರಿ. ವೈರ್, ಪೈಪುಗಳಿಗೆ ಇಲಿ ಬಾಯಿ ಹಾಕಿದೆಯಾ ನೋಡಿ. ಕುಂಬಾರ ಹುಳ ಟ್ಯಾಂಕಿನ ಗಾಳಿ ತೂತಿಗೆ ಮಣ್ಣು ಮೆತ್ತಿರಬಹುದು. ನೆಲದ ಮೇಲೆ ಯಾವ ಎಣ್ಣೆ ಎಲ್ಲಿಂದ ತೊಟ್ಟಿಕ್ಕಿದೆ ಅಂತ ಗಮನಿಸಿ. ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಇಳಿಸಿ ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸದೆ ಸ್ಟಾರ್ಟ್ ಮಾಡಬೇಡಿ.

ಪ್ಲಗ್ ನಾಲ್ಕೂ ಬಿಚ್ಚಿ, ಎಂಜಿನನ್ನು ಹ್ಯಾಂಡಲಿನಿಂದ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಹ್ಯಾಂಡಲ್ ತೆಗೆದಿಟ್ಟು, ಬ್ಯಾಟರಿ ಕೂರಿಸಿ, ಕಾಯಿಲ್ ತಂತಿ ಬಿಚ್ಚಿಟ್ಟು, ಆಯಿಲ್ ಪ್ರೆಷರ್ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯಿರಿ. ಆಯಿಲ್ ಮೇಲೇರದೆ ಎಂಜಿನ್ ಉರಿಸಬಾರದು. ಆಮೇಲೆ ಪ್ಲಗ್ ಒರೆಸಿ ಹಾಕಿ, ಪೆಟ್ರೋಲ್ ಪೈಪು ಜೋಡಿಸಿ. ಪಂಪಿಗೆ ಕೈಯಲ್ಲಿ ಒತ್ತುವ ಲಿವರ್ ಇದ್ದರೆ ಒತ್ತಿ ಕಾರ್ಬ್ಯುರೇಟರ್ ತುಂಬಿಸಿ. ಸ್ಟಾರ್ಟ್ ಆದ ಕೂಡಲೇ ನೀಲಿ-ಬಿಳಿ ಹೊಗೆ ಬರುತ್ತದೆ. ಸಿಲಿಂಡರಿಗೆ ಬಿಟ್ಟ ಆಯಿಲ್ ಅದು, ಕೆಲವು ನಿಮಿಷದಲ್ಲಿ ನಿಲ್ಲುತ್ತದೆ. ಮೊದಲ ಸಲ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಲಿ, ಎಕ್ಸಲೇಟರ್ ಒತ್ತಿ ಅರಚಿಸಬೇಡಿ.

ಬ್ರೇಕ್ ಅಂಗಳದಲ್ಲೇ, ನಡೆಯುವ ವೇಗದಲ್ಲಿ ನೋಡಿ. ಪೆಡಲ್ ಮೆತ್ತಗಿದ್ದರೆ, ಗಾಡಿ ಒಂದು ಕಡೆ ಎಳೆದರೆ ರಸ್ತೆಗೆ ಇಳಿಸಬೇಡಿ. ಡ್ರಮ್ ಬಿಚ್ಚಿಸಿ ನೋಡಿ. ಮೊದಲ ಕೆಲವು ಕಿ.ಮೀ. ಟೈರು ದಡಬಡ ಅನ್ನುತ್ತದೆ, ನಿಂತ ಜಾಗ ಚಪ್ಪಟೆಯಾಗಿರುತ್ತದೆ, ಬಿಸಿಯಾದರೆ ಸರಿಹೋಗುತ್ತದೆ.

ಪೂಜೆ ಮಾಡುವಾಗ ಒಂದು ಕಾಳಜಿ ಇರಲಿ. ಚಕ್ರಕ್ಕಿಟ್ಟ ನಿಂಬೆಹಣ್ಣಿನ ಹುಳಿ, ಒಡೆದ ಕುಂಬಳಕಾಯಿಯ ನೀರು, ಕುಂಕುಮ ಇವು ಕ್ರೋಮ್ ಮೇಲೆ, ಬಣ್ಣದ ಮೇಲೆ ರಾತ್ರಿಯಿಡೀ ಉಳಿದರೆ ಕಲೆ ಕೂರುತ್ತದೆ. ನಾವು ಕುಂಕುಮವನ್ನು ಗಾಜಿಗೆ ಇಡುತ್ತೇವೆ, ಹಾರವನ್ನು ದಾರದಲ್ಲಿ ಕಟ್ಟುತ್ತೇವೆ, ಸಂಜೆಯೊಳಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಅದಾದ ಮೇಲೆ ತೀರ್ಥಹಳ್ಳಿಯವರೆಗೆ ಹೋಗಿ ಬಂದು, ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಆಯಿಲ್ ಕಡ್ಡಿ ಎಳೆದು ನೋಡುತ್ತೇನೆ. ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ, ಆವತ್ತೇ ಬದಲಿಸಬೇಕು. ತಿಳಿಯಾಗಿದ್ದರೆ ಬರುವ ಮೇ ತಿಂಗಳವರೆಗೆ ಅದರಲ್ಲೇ ಓಡಿಸಬಹುದು.